ಕಟ್ಟೆಗೆ ಬಂದ ಫ್ರಿಜ್ಜು

ಬಸವಕಲ್ಯಾಣದ ಹಳೇ ಪೇಟೆಯಲ್ಲಿ ಸ್ವಂತ ಮನೆ ಇದೆ ಎಂದರೆ ಸಾಕು, ಹೊರಗಿನವರ ಕಣ್ಣು ಅರಳುತ್ತದೆ. 'ಆಹಾ, ಚಾಲುಕ್ಯರ ರಾಜಧಾನಿ! ಶರಣರು ನಡೆದಾಡಿದ ಮಣ್ಣು! ಎಂಥ ಪುಣ್ಯವಂತರು ನೀವು!' ಎನ್ನುತ್ತಾರೆ. ಹೀಗೆ ಹೇಳುವವರಲ್ಲಿ ಒಬ್ಬರೂ ಆ ಪೇಟೆಯ ಗಲ್ಲಿಯೊಳಗೆ ಕಬ್ಬಿಣದ ಮಂಚ ಹೊತ್ತು ತಂದವರಲ್ಲ. ಎದುರಿನಿಂದ ಎಮ್ಮೆ ಬಂದಾಗ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ನಿಂತವರೂ ಅಲ್ಲ. ಅವರು ಕೋಟೆ ನೋಡಿ, ನಾಲ್ಕು ಫೋಟೋ ಹೊಡೆದುಕೊಂಡು, ಹುಮನಾಬಾದಿನ ಬಸ್ಸು ಹತ್ತಿ ಹೋಗಿಬಿಡುತ್ತಾರೆ. ಮಿಕ್ಕ ಪುಣ್ಯವನ್ನೆಲ್ಲ ಅನುಭವಿಸಲು ಪೂನಂ ಅಲ್ಲೇ ಉಳಿಯುತ್ತಾಳೆ.

ಪೂನಂ ಎಂದರೆ ನಮ್ಮ ದಿಗಂಬರನ ಧರ್ಮಪತ್ನಿ. ದಿಗಂಬರ ಎಂದರೆ ಬಸ್‌ಸ್ಟ್ಯಾಂಡಿನ ಬಳಿ ಝೆರಾಕ್ಸ್ ಅಂಗಡಿ ಇಟ್ಟವನು, ಕಮಾನ್ ಗಲ್ಲಿಯ ಸ್ವಯಂಘೋಷಿತ ಇತಿಹಾಸಕಾರ. ಗಲ್ಲಿಯ ಬಾಯಿಗೆ ಒಂದು ಹಳೆಯ ಕಲ್ಲಿನ ಕಮಾನು ಇದೆ. ಅದನ್ನು ಯಾರು ಕಟ್ಟಿಸಿದರೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ದಿಗಂಬರನಿಗೆ ಚೆನ್ನಾಗಿ ಗೊತ್ತಿದೆ. ಕೇಳುವವರ ಮುಖ ನೋಡಿ ಒಮ್ಮೆ ಚಾಲುಕ್ಯರು ಎನ್ನುತ್ತಾನೆ, ಒಮ್ಮೆ ಬಹಮನಿಯವರು ಎನ್ನುತ್ತಾನೆ, ಊಟದ ಹೊತ್ತಾಗಿದ್ದರೆ ನಿಜಾಮರು ಎಂದು ಬೇಗ ಮುಗಿಸುತ್ತಾನೆ.

ಅವನ ಮನೆಯ ಬಾಗಿಲು ಬಹಳ ಗಿಡ್ಡ. ನೆಟ್ಟಗೆ ನಡೆದು ಬಂದವರ ಹಣೆಗೆ ಮೇಲಿನ ಕಲ್ಲು ತಪ್ಪದೆ ಸ್ವಾಗತ ಕೋರುತ್ತದೆ. ಪೂನಂ ಮದುಮಗಳಾಗಿ ಬಂದ ದಿನ ಅಕ್ಕಿಯ ಸೇರನ್ನು ಇನ್ನೂ ಕಾಲಿನಿಂದ ಮುಟ್ಟಿರಲಿಲ್ಲ, ಅಷ್ಟರಲ್ಲೇ ಹಣೆ ಕಲ್ಲಿಗೆ ತಾಗಿ 'ಠಣ್' ಎಂದಿತ್ತು. ಆ ದಿನದ ಫೋಟೋಗಳಲ್ಲಿ ಬಾಸಿಂಗದ ಕೆಳಗೆ ಬುಗುಟು ಈಗಲೂ ಕಾಣುತ್ತದೆ. ಆಗ ದಿಗಂಬರನ ತಾಯಿ ಕಮಳಾಬಾಯಿ, "ಹೊರಗಿನವರಿಗೆ ಬಡೀತದವ್ವ. ಈ ಮನ್ಯಾಗ ಹುಟ್ಟಿದವರಿಗೆ ಬಡಿಯಂಗಿಲ್ಲ" ಎಂದು ಸೊಸೆಗೆ ಸಮಾಧಾನ ಹೇಳಿದ್ದಳು. (ಇದು ಸಮಾಧಾನವೋ ಅವಮಾನವೋ ಎಂದು ಪೂನಂ ಇನ್ನೂ ತೀರ್ಮಾನಿಸಿಲ್ಲ.) ಅಂದಿನಿಂದ ಬಾಗಿಲ ಕಡೆಯಿಂದ 'ಠಣ್' ಎಂಬ ಸದ್ದು ಬಂದರೆ ಮುದುಕಿ ತಿರುಗಿಯೂ ನೋಡುವುದಿಲ್ಲ. "ಯಾರೋ ಹೊರಗಿನವರು ಬಂದಾರ ನೋಡು" ಎನ್ನುತ್ತಾಳೆ. ಲೈಟಿನ ಮೀಟರು ನೋಡುವವನು, ಲಗ್ನಪತ್ರಿಕೆ ಕೊಡಲು ಬಂದವರು, ವೋಟು ಕೇಳಲು ಬಂದವರು, ಎಲ್ಲರೂ ಈ ಸದ್ದು ಮಾಡಿಯೇ ಒಳಗೆ ಬಂದವರು. ದಿಗಂಬರನಿಗೆ ಮಾತ್ರ ಹುಟ್ಟಿದಾಗಿನಿಂದ ಒಮ್ಮೆಯೂ ಬಡಿದಿಲ್ಲ. ಇದನ್ನು ಅವನು ತನ್ನ ರಕ್ತದ ಗುಣ ಎಂದು ಹೇಳಿಕೊಳ್ಳುತ್ತಾನೆ.

ಬಾಗಿಲ ಪಕ್ಕದಲ್ಲಿ ಕಟ್ಟೆ. ದಿಗಂಬರನ ಪ್ರಾಣ ಇರುವುದು ಇಲ್ಲೇ. ಅಜ್ಜ ಕೂತು ಕೂತು ನುಣುಪಾದ ಕಲ್ಲು, ಮೇಲೊಂದು ತಗಡಿನ ಮರೆ, ಬೆನ್ನಿಗೆ ಒಳಮನೆಯ ಕಿಟಕಿ. ಸಂಜೆ ಅಂಗಡಿ ಮುಚ್ಚಿ ಬಂದು ಅವನು ಇಲ್ಲಿ ವಿರಾಜಮಾನನಾದರೆ ಎಡಕ್ಕೆ ಗಲ್ಲಿಯ ಹಿರಿಯ ಪಂಡರಿ ಕಾಕಾ, ಬಲಕ್ಕೆ ಪಕ್ಕದ ಮನೆಯ ಗಾದಿ ಹೊಲಿಯುವ ಹಬೀಬ್. ಕಿಟಕಿಯಿಂದ ಬಳೆಯ ಕೈಯೊಂದು ಚಹಾ ಕೊಡುತ್ತದೆ, ಖಾಲಿ ಕಪ್ಪು ತೆಗೆದುಕೊಂಡು ಮಾಯವಾಗುತ್ತದೆ. ಆ ಕೈಯ ಹಿಂದೆ ಒಬ್ಬಳು ಹೆಂಗಸು ಇದ್ದಾಳೆ, ಅವಳಿಗೂ ಸೆಕೆಯಾಗುತ್ತದೆ ಎಂಬ ವಿಚಾರ ಅಲ್ಲಿ ಯಾವತ್ತೂ ಚರ್ಚೆಗೆ ಬಂದಿರಲಿಲ್ಲ. ದೆಹಲಿಯ ಸರಕಾರದಿಂದ ಹಿಡಿದು ದುಬಲಗುಂಡಿಯ ತೊಗರಿಯ ತನಕ ಬೇರೆಲ್ಲವೂ ಚರ್ಚೆಯಾಗುತ್ತಿತ್ತು. ಹೆಂಗಸರು ಕಟ್ಟೆಯ ಮೇಲೆ ಕೂಡಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಕೂತಿರಲಿಲ್ಲ, ಅಷ್ಟೇ.

ದೀಪಾವಳಿಗೆ ಮುಂಚೆ ಒಂದು ದಿನ ಹಾಲು ಒಡೆಯಿತು. ಹಾಲು ಒಡೆಯುವುದು ಆ ಮನೆಯಲ್ಲಿ ಹೊಸದಲ್ಲ. ಅಂದು ಒಡೆದದ್ದು ಪೂನಂಳ ತಾಳ್ಮೆ.

"ಏನ್ರಿ, ನಾ ಇಲ್ಲಿ ಇರಂಗಿಲ್ಲ" ಎಂದಳು. "ಸಿಲಿಂಡರ್ ತಂದಾವ ಕಮಾನಿನ ಹೊರಗ ಇಟ್ಟು ಓಡ್ತಾನ. ಆಟೋದಾವ ಗಲ್ಲಿ ಹೆಸರು ಹೇಳಿದ್ರ ಕಿವುಡ ಆಗ್ತಾನ. ಹುಮನಾಬಾದ್ ರೋಡಿಗೆ ಹೊಸ ಲೇಔಟ್ ಆಗ್ಯದ, ಅಲ್ಲಿ ಬಾಡಿಗಿ ಮನಿ ನೋಡ್ರಿ. ಎಷ್ಟು ಅಗಲ ರೋಡ್ ಗೊತ್ತದೇನ್ರಿ? ಎರಡು ಎಮ್ಮಿ ಜಗಳ ಆಡಿದ್ರೂ ನಡುವ ಒಂದು ಆಟೋ ಹೋಗ್ತದ!"

"ಹುಚ್ಚಿ, ಇದು ಒಂಬೈನೂರು ವರ್ಷದ ಇತಿಹಾಸ ಇರೋ ಜಗಾ."

"ಒಂಬೈನೂರು ವರ್ಷದ್ದು ಖರೆ. ಚರಂಡಿ ನೋಡಿದ್ರೇ ಗೊತ್ತಾಗ್ತದ."

"ಲೇಔಟ್‌ದಾಗ ಏನದ? ಬಾಜೂ ಮನ್ಯಾವ ಸತ್ರೂ ಗೊತ್ತಾಗಂಗಿಲ್ಲ."

"ಇಲ್ಲಿ ಬಾಜೂ ಮನ್ಯಾವ ಕೆಮ್ಮಿದ್ರ ನಮ್ಮ ಗೋಡಿ ಮಣ್ಣು ಸಾರಿನಾಗ ಬೀಳ್ತದ. ಅದು ಚಲೋ ಏನ್ರಿ?"

ದಿಗಂಬರ ಗಾಬರಿಯಾದ. ಲೇಔಟಿನ ಮನೆಗಳನ್ನು ಅವನು ನೋಡಿದ್ದ. ಗೇಟು ಇತ್ತು, ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಇತ್ತು, ಕಟ್ಟೆ ಇರಲಿಲ್ಲ. ಕಟ್ಟೆ ಇಲ್ಲದ ಮನೆಯಲ್ಲಿ ಮನುಷ್ಯ ಸಂಜೆ ಆರು ಗಂಟೆಗೆ ಏನು ಮಾಡಬೇಕು? ಹೆಂಡತಿಯ ಮುಖ ನೋಡುತ್ತ ಕೂಡಬೇಕೇ?

ಅವನನ್ನು ಆಗ ಉಳಿಸಿದವನು ಪೂನಂಳ ತಮ್ಮ ಸ್ವಪ್ನಿಲ. ಹುಮನಾಬಾದಿನಿಂದ ಫೋನು ಮಾಡಿ, ಈ ಸಲದ ದೀಪಾವಳಿಯಲ್ಲಿ ಅಕ್ಕತಂಗಿಯರಿಗೆ ಉಡುಗೊರೆ ಕೊಡುವ ಭಾವುಬೀಜದ ದಿನಕ್ಕೆ ಅಕ್ಕನಿಗೆ ಸೀರೆಯಲ್ಲ, ಫ್ರಿಜ್ಜೇ ಉಡುಗೊರೆ ಎಂದ. ದಿಗಂಬರ ಈ ಅವಕಾಶವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೋಡು, ಫ್ರಿಜ್ ಬರ್ತದ. ಹಾಲು ಒಡಿಯಂಗಿಲ್ಲ. ಫ್ರಿಜ್ ಈ ಮನಿಗೆ ಬಂತಂದ್ರ ನೀನೂ ಈ ಮನ್ಯಾಗ. ಲೇಔಟ್ ಮಾತು ಖತಂ. ಆಯ್ತಾ?"

ಪೂನಂ ಬಹಳ ಹೊತ್ತು ಯೋಚಿಸಿ, "ಆಯ್ತ್ರಿ. ಬರಲಿಲ್ಲಂದ್ರ ಫ್ರಿಜ್ ಎಲ್ಲಿ ಹೋಗ್ತದೋ ನಾನೂ ಅಲ್ಲೇ" ಎಂದಳು. ಈ ಒಪ್ಪಂದದ ಎರಡನೆಯ ಭಾಗಕ್ಕೆ ದಿಗಂಬರ ಕಿವಿಗೊಡಲಿಲ್ಲ. ಗಂಡಂದಿರು ಹೆಂಡತಿಯರ ಮಾತಿನ ಮೊದಲರ್ಧಕ್ಕೇ ತಲೆಯಾಡಿಸಿ ಹಾಳಾಗುತ್ತಾರೆ.

ಭಾವುಬೀಜದ ದಿನ ಟೆಂಪೋ ಬಂದು ಕಮಾನಿನ ಬಳಿ ನಿಂತಿತು. ಮುಂದೆ ಹೋಗುವ ಮಾತೇ ಇರಲಿಲ್ಲ. ಅದರೊಳಗಿಂದ ಇಳಿದ ಫ್ರಿಜ್ಜನ್ನು ನೋಡಿ ಗಲ್ಲಿಯೇ ಬಾಯಿ ತೆರೆಯಿತು. ಎರಡು ಬಾಗಿಲಿನ, ಅಲಮಾರಿಯಷ್ಟು ಅಗಲದ, ಮದುವೆಯ ಛತ್ರದಲ್ಲಿ ಇರಬೇಕಾದ ಮಾಲು. ಸ್ವಪ್ನಿಲನಿಗೆ ಅಕ್ಕನ ಮೇಲೆ ಅಷ್ಟು ಪ್ರೀತಿ. ತಳ್ಳುಗಾಡಿಯ ಮೇಲೆ ಏರಿಸಿ, ಪಂಡರಿ ಕಾಕಾ ಸೇನಾಪತಿಯಂತೆ ಮುಂದೆ ನಿಂತು "ಹಾಂ, ಬರ್ಲಿ, ಬರ್ಲಿ, ಅರೇ ನಿಲ್ರೋ!" ಎನ್ನುತ್ತ, ಚರಂಡಿಗೆ ಚಕ್ರ ಇಳಿದು, ಎಲ್ಲರೂ ಸೇರಿ ಎತ್ತಿ, ಹಬೀಬನ ಮನೆಯ ಮೆಟ್ಟಿಲಿಗೆ ಉಜ್ಜಿ, ಕೊನೆಗೂ ಬಾಗಿಲ ಮುಂದೆ ತಂದು ಇಳಿಸಿದರು.

"ಭಾವಾರ, ಮೊದಲ ಒಳಗ ಒಯ್ಯೋಣ್ರಿ" ಎಂದ ಸ್ವಪ್ನಿಲ, ಬೆವರು ಒರೆಸುತ್ತ.

ಗಲ್ಲಿಯ ಜನವೆಲ್ಲ ನೆರೆದಿತ್ತು. ಇಷ್ಟು ಜನ ತನ್ನ ಬಾಗಿಲಿಗೆ ಸೇರಿದ್ದನ್ನು ದಿಗಂಬರ ಮದುವೆಯ ನಂತರ ಕಂಡಿರಲಿಲ್ಲ. ಅವನ ಎದೆ ಉಬ್ಬಿತು. "ಹಂಗ ಹ್ಯಾಂಗ ಒಯ್ತೀರಿ? ನಮ್ಮ ಮನಿತನದಾಗ ಒಂದು ಪದ್ಧತಿ ಅದ. ಅವ್ವಾ, ಆರತಿ ತಗೊಂಡು ಬಾ!" ಎಂದು ಕೂಗಿದ.

ಕಮಳಾಬಾಯಿ ಆರತಿ ತಂದಳು. ಫ್ರಿಜ್ಜಿನ ಎರಡೂ ಬಾಗಿಲಿಗೆ ಅರಿಸಿನ ಕುಂಕುಮದ ಪಟ್ಟೆ ಎಳೆದಳು. ಮಾವಿನ ಎಲೆಯ ತೋರಣ ಕಟ್ಟಿದಳು. ಹೊಸ ಗಾಡಿಗೆ ಮಾಡುವ ಹಾಗೆ ನಾಲ್ಕೂ ಕಾಲಿನ ಕೆಳಗೆ ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡಿಸಿದರು. ದಿಗಂಬರ ಸ್ವತಃ ಕಾಯಿ ಒಡೆದ, ನೀರು ಫ್ರಿಜ್ಜಿನ ಮೈಮೇಲೆಲ್ಲ ಸಿಡಿಯಿತು. ಸ್ವಪ್ನಿಲನಿಗೆ ಟೋಪಿ ಟವೆಲ್ ಹಾಕಿ ಸನ್ಮಾನವೂ ಆಯಿತು. ಫೋಟೋ ಹೊಡೆದರು. ಎಲ್ಲ ಮುಗಿದ ಮೇಲೆ ನಾಲ್ವರು ಫ್ರಿಜ್ಜನ್ನು ಎತ್ತಿ ಬಾಗಿಲಿಗೆ ಹಿಡಿದರು.

ಫ್ರಿಜ್ಜು ಬಾಗಿಲಿಗಿಂತ ಎತ್ತರವಿತ್ತು. ಬಾಗಿಲಿಗಿಂತ ಅಗಲವೂ ಇತ್ತು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಡ್ಡ ಮಲಗಿಸಿ ನೋಡಿದರು, ಓರೆ ಮಾಡಿ ನೋಡಿದರು. ಮನೆಯ ಬಾಗಿಲು ಕಿತ್ತರು, ಆಮೇಲೆ ಫ್ರಿಜ್ಜಿನ ಬಾಗಿಲನ್ನೂ ಕಿತ್ತು ಮತ್ತೆ ಹಾಕಿದರು. ಪಂಡರಿ ಕಾಕಾ ಮಾಳಿಗೆಯ ಬೆಳಕಿಂಡಿಯಿಂದ ಇಳಿಸೋಣ ಎಂದ. ಬೆಳಕಿಂಡಿಯಿಂದ ಇಳಿಯುವುದು ಬೆಕ್ಕು ಮಾತ್ರ ಎಂದು ಅವನಿಗೆ ನೆನಪು ಮಾಡಿಕೊಡಬೇಕಾಯಿತು.

"ಆ ಮ್ಯಾಲಿನ ಕಲ್ಲು ಒಡೀರಿ" ಎಂದಳು ಪೂನಂ. ಅವಳ ದನಿಯಲ್ಲಿ ಮದುವೆಯ ದಿನದ ಸೇಡು ಇತ್ತು.

"ಒಡೀಬ್ಯಾಡ್ರಿ!" ಹಬೀಬ್ ಓಡಿ ಬಂದು ಗೋಡೆಗೆ ಅಡ್ಡ ನಿಂತ. "ದಿಗಂಬರ ಭೈ, ನಮ್ಮ ತೊಲಿ ಇದೇ ಗೋಡಿ ಮ್ಯಾಲ ಕುಂತಾವ. ಈ ಕಲ್ಲು ತಗದ್ರ ನಮ್ಮ ಮಾಳಿಗಿ ಪುರಾ ನಿಮ್ಮ ಪಡಸಾಲಿಗೆ ಬರ್ತದ, ಮಲಿಕಾ ಸಮೇತ!"

ಮೇಲಿನ ಕಿಟಕಿಯಿಂದ ಅವನ ಹೆಂಡತಿ ಮಲಿಕಾ ಇಣುಕಿ, "ನಾ ಬರ್ತೀನ್ರಿ ಪೂನಂ, ಚಾ ಇಟ್ಟಿರ್ರಿ" ಎಂದಳು.

ಸ್ವಪ್ನಿಲ ಪಾಪ, ಅಳು ಮುಖ ಮಾಡಿಕೊಂಡು, "ಬದಲಿ ಮಾಡ್ತೀನಕ್ಕಾ, ಸಣ್ಣದು ತರ್ತೀನಿ" ಎಂದ. ಅಂಗಡಿಗೆ ಫೋನೂ ಮಾಡಿದ. ಅಂಗಡಿಯವನು ಫೋಟೋ ಕಳಿಸಲು ಹೇಳಿದ. ಕುಂಕುಮದ ಪಟ್ಟೆ, ತೋರಣ, ಕಾಯಿನೀರು, ಕಾಲಿಗೆ ಮೆತ್ತಿದ ನಿಂಬೆಯ ತಿರುಳು ಎಲ್ಲ ಕಂಡ ಮೇಲೆ ಅವನು ಕೈ ಮುಗಿಯುವ ಚಿತ್ರವನ್ನಷ್ಟೇ ಉತ್ತರವಾಗಿ ಕಳಿಸಿದ. ಅವನು ಒಪ್ಪಿದ್ದರೂ ಪ್ರಯೋಜನವಿರಲಿಲ್ಲ. ಕಮಳಾಬಾಯಿ ಆರತಿ ತಟ್ಟೆ ಹಿಡಿದುಕೊಂಡೇ ತೀರ್ಪು ಕೊಟ್ಟಿದ್ದಳು.

"ತವರಿನ ಉಡುಗೊರಿ ಅದು. ಆರತಿ ಆಗ್ಯದ, ಕಾಯಿ ಒಡದದ. ಹೊಸ್ತಿಲಿಗೆ ಬಂದದ್ದು ಹಿಂದಕ ಹೋಗಬಾರದು. ಹೋದ್ರ ಆ ಹುಡುಗಿ ತವರಿಗೆ ಒಳ್ಳೇದಲ್ಲ. ನೋಡದೇ ಪೂಜಿ ಮಾಡಸಂತ ಯಾರು ಹೇಳಿದ್ರೋ ದಿಗ್ಯಾ?"

ಯಾರು ಹೇಳಿದ್ದರೆಂದು ಗಲ್ಲಿಗೆಲ್ಲ ಗೊತ್ತಿತ್ತು. ದಿಗಂಬರ ಕಟ್ಟೆಯ ಮೇಲೆ ಕುಸಿದ. ಒಳಗೆ ಹೋಗದ, ಹಿಂದಕ್ಕೂ ಹೋಗದ ಫ್ರಿಜ್ಜು ಅವನೆದುರು ಮದುಮಗಳಂತೆ ಸಿಂಗಾರವಾಗಿ ನಿಂತಿತ್ತು. ಪೂನಂ ಸೆರಗು ಕಟ್ಟಿ, "ಲೇಔಟಿನ ಮನಿ ಬಾಗಲ ಅಗಲ ಅದಾವ್ರಿ" ಎಂದಳು. ಅವಳು ಕೂಗಾಡಲಿಲ್ಲ, ಮೆಲ್ಲಗೆ ಹೇಳಿದಳು. ಅದರಿಂದಲೇ ದಿಗಂಬರನಿಗೆ ಹೆಚ್ಚು ಭಯವಾಯಿತು.

ಮುಳುಗುವ ಮನುಷ್ಯನಿಗೆ ಹೊಳೆಯುವಂಥ ಉಪಾಯವೊಂದು ಆಗ ಅವನಿಗೆ ಹೊಳೆಯಿತು. "ತಡಿ ತಡಿ! ಕಟ್ಟಿನೂ ಮನೀನೇ ಅಲ್ಲೇನು? ಫ್ರಿಜ್ ಕಟ್ಟಿ ಮ್ಯಾಲ ಇಡೋಣ. ಕಿಡಕಿಯಿಂದ ವೈರ್ ತಗೋಳೋಣ. ಮನಿಗೆ ಬಂದಂಗ ಆಯ್ತಿಲ್ಲ?"

ಎಲ್ಲರೂ ಕಮಳಾಬಾಯಿಯ ಮುಖ ನೋಡಿದರು. ಮುದುಕಿ ಸ್ವಲ್ಪ ಯೋಚಿಸಿ, "ಕಟ್ಟಿ ಮನೀನೇ" ಎಂದಳು. ಪೂನಂ ತುಟಿ ಕಚ್ಚಿ ಒಪ್ಪಿದಳು. ಫ್ರಿಜ್ಜು ಕಟ್ಟೆ ಏರಿತು. ಕಟ್ಟೆ ಉಳಿಯಿತು ಎಂದು ದಿಗಂಬರ ಆ ರಾತ್ರಿ ನೆಮ್ಮದಿಯಿಂದ ಮಲಗಿದ. ಅಜ್ಜನ ಜಾಗದಲ್ಲಿ ಫ್ರಿಜ್ಜು ನಿಂತಿದೆಯಲ್ಲ ಎಂಬುದು ಅವನಿಗೆ ಹೊಳೆದದ್ದು ಮರುದಿನ ಸಂಜೆ, ಕೂಡಲು ಹೋದಾಗ. ಆದರೂ ಪಕ್ಕದಲ್ಲಿ ಜಾಗವಿತ್ತು. ಮೂವರೂ ಸ್ವಲ್ಪ ಒತ್ತಿಕೊಂಡು ಕೂತರು, ಹಬೀಬನ ಒಂದು ಕಾಲು ಗಾಳಿಯಲ್ಲಿತ್ತು.

ಆಮೇಲೆ ಮೇಕೆ ಬಂತು. ಯಾರದೋ ಮೇಕೆ ಕಟ್ಟೆ ಹತ್ತಿ, ಅರೆ ತೆರೆದ ಬಾಗಿಲನ್ನು ಮೂತಿಯಿಂದ ತಳ್ಳಿ, ಪೂನಂ ತಂದಿಟ್ಟ ಕೊತ್ತಂಬರಿ ಕಟ್ಟನ್ನು ತಣ್ಣಗೆ ಮೆದ್ದು ಹೋಯಿತು. "ಕಾಯ್ಬೇಕ್ರಿ" ಎಂದಳು ಪೂನಂ. ಕಾಯಿಪಲ್ಲೆ ಸೋಸುವ ತಟ್ಟೆ ಹಿಡಿದು ಹೊರಗೆ ಬಂದು, ಮದುವೆಯಾದ ಮೇಲೆ ಮೊದಲ ಸಲ, ಕಟ್ಟೆಯ ಮೇಲೆ ಕೂತಳು. ಗಾಳಿ ಬಂತು. ಗಲ್ಲಿಯಲ್ಲಿ ಹೋಗುವವರು ಕಂಡರು. ಬರುವವರು "ಏನ್ ಮಾಡಾಕತ್ತೀರಿ?" ಎಂದು ಕೇಳಿದರು. ಇಷ್ಟು ವರ್ಷ ತಾನು ಚಹಾ ಚಾಚಿದ ಕಿಟಕಿಯ ಈ ಕಡೆ ಇಂಥದ್ದೊಂದು ಲೋಕವಿದೆ ಎಂದು ಅವಳಿಗೆ ಆಗಲೇ ತಿಳಿದದ್ದು.

ಎರಡು ದಿನಕ್ಕೆ ಕಮಳಾಬಾಯಿಯೂ ಹೊರಗೆ ಬಂದಳು. "ನಾ ಈ ಮನಿಗೆ ಬಂದು ಮುದುಕಿ ಆದೆ, ಇಲ್ಲಿಂದ ಕಮಾನು ಕಾಣ್ತದಂತ ನನಗ ಗೊತ್ತೇ ಇರಲಿಲ್ಲವ್ವ" ಎಂದು ಸೊಸೆಗೆ ಹೇಳಿ ಕಾಲು ಚಾಚಿ ಕೂತಳು. ಆಮೇಲೆ ಮಲಿಕಾ ಹಾಲಿನ ಪಾತ್ರೆ ತಂದಿಟ್ಟಳು, ಹಾಲಿನ ಜೊತೆ ತಾನೂ ಕೂತಳು. ಗಲ್ಲಿಯ ತುದಿಯ ಅಂಗನವಾಡಿ ಟೀಚರ್ ಆಮ್ರಪಾಲಿ ದೋಸೆಹಿಟ್ಟು ತಂದಳು. ಹೀಗೆ ಒಬ್ಬೊಬ್ಬರಾಗಿ ಗಲ್ಲಿಯೆಲ್ಲ ಅದರೊಳಗೆ ಸೇರಿಕೊಂಡಿತು. ಮೇಲಿನ ಅಂತಸ್ತು ಹಾಲಿಗೆ, ನಡುವಿನದು ಹಿಟ್ಟಿಗೆ, ಕೆಳಗಿನ ಮುಚ್ಚಿದ ಡಬ್ಬಿಗಳಲ್ಲಿ ಏನಿದೆ ಎಂದು ಯಾರೂ ಯಾರನ್ನೂ ಕೇಳಬಾರದು ಎಂದು ಪೂನಂ ಕಾನೂನು ಮಾಡಿದಳು. ಕಾನೂನು ಚೆನ್ನಾಗಿ ನಡೆಯಿತು. ಫ್ರಿಜ್ಜಿಗೆ ಹಬೀಬನ ಕೈಯಿಂದ ಹೂವಿನ ಚಿತ್ತಾರದ ಹೊದಿಕೆಯೂ ಬಂತು.

ಹಬೀಬನ ಈ ದ್ರೋಹವನ್ನು ದಿಗಂಬರನಿಗೆ ಸಹಿಸಲಾಗಲಿಲ್ಲ. "ನೀನೂ ಅವರ ಕಡೆಗೇನೋ?" ಎಂದು ಕೇಳಿದ.

"ಮಲಿಕಾ ಖುಷ್ ಇದ್ದಾಳ ಭೈ. ನಂಗ ಬ್ಯಾರೆ ಏನು ಬೇಕು? ಮತ್ತ ನಂದೂ ಒಂದು ಕಾಲಿಗೆ ಅಷ್ಟೇ ಜಗಾ ಇತ್ತು" ಎಂದ ಹಬೀಬ್.

ಪಂಡರಿ ಕಾಕಾ ಒಂದು ಸಂಜೆ ಬಂದವನು, ಹೆಂಗಸರೆಲ್ಲ "ಬರ್ರಿ ಕಾಕಾ, ಕೂಡ್ರಿ" ಎಂದು ಬೆರಳಿನಷ್ಟು ಸರಿದಾಗ, ಚಪ್ಪಲಿಗಳ ನಡುವೆ ಒಂದು ಕ್ಷಣ ನಿಂತು ನಾಚಿ, ಬಸ್‌ಸ್ಟ್ಯಾಂಡಿನ ಹೋಟೆಲ್ಲಿಗೆ ಹೋದ. ಮತ್ತೆ ಬರಲಿಲ್ಲ. ದಿಗಂಬರ ಅಂಗಡಿ ಮುಚ್ಚಿ ಬಂದರೆ ಈಗ ತನ್ನ ಕಟ್ಟೆಯ ಎದುರಿಗೆ ತಾನೇ ನಿಲ್ಲಬೇಕು. ನಿಂತರೆ "ಜರಾ ಸರೀರಿ, ಬೆಳಕಿಗೆ ಅಡ್ಡ ಆಗ್ತೀರಿ" ಎನ್ನುತ್ತಾರೆ. ಒಳಗೆ ಹೋಗಿ ಕಿಟಕಿಯ ಹಿಂದೆ ಕೂತರೆ ಹೊರಗಿನ ನಗು ಕೇಳುತ್ತದೆ, ಏನಕ್ಕೆ ನಗುತ್ತಿದ್ದಾರೆ ಎಂಬುದು ಮಾತ್ರ ತಿಳಿಯುವುದಿಲ್ಲ. ಒಮ್ಮೆಯಂತೂ ಪೂನಂ ತಿರುಗಿ ನೋಡದೆ ಕಿಟಕಿಯೊಳಗೆ ಕೈ ಚಾಚಿ, "ಏನ್ರಿ, ಹಂಗ ಕುಂತೀರಿ, ನಾಕು ಕಪ್ ಚಾ ಇಡ್ರಿ" ಎಂದಳು. ಇಟ್ಟುಕೊಟ್ಟ. ಸಕ್ಕರೆ ಕಡಿಮೆಯಾಗಿದೆ ಎಂದು ವಾಪಸು ಬಂತು.

ಇಷ್ಟನ್ನೂ ಅವನು ಸಹಿಸುತ್ತಿದ್ದನೇನೋ. ಆದರೆ ಬೇಸಿಗೆಯ ಒಂದು ಭಾನುವಾರ ಕೋಟೆ ನೋಡಿ ಬಂದ ಪ್ರವಾಸಿಗರ ಗುಂಪೊಂದು ಗಲ್ಲಿಗೆ ನುಗ್ಗಿತು. ದಿಗಂಬರ ಗಂಟಲು ಸರಿಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಅವರೆಲ್ಲ ಕಮಾನಿಗೆ ಬೆನ್ನು ಹಾಕಿ ಫ್ರಿಜ್ಜಿನ ಫೋಟೋ ಹೊಡೆಯುತ್ತಿದ್ದರು. ಪೂನಂ ಅವರಿಗೆ ತಣ್ಣನೆಯ ಮಜ್ಜಿಗೆ ಕೊಟ್ಟು ಇತಿಹಾಸ ಹೇಳುತ್ತಿದ್ದಳು.

"ಈ ಬಾಗಲ ಇಷ್ಟು ಗಿಡ್ಡ ಯಾಕ ಅಂದ್ರ, ಹಿಂದಕ ರಾಣ್ಯಾರು ಅರಮನ್ಯಾಗ ಬ್ಯಾಸರ ಆದಾಗ ಯಾರಿಗೂ ಕಾಣದಂಗ ಬಗ್ಗಿ ಬಗ್ಗಿ ಇಲ್ಲಿಗೆ ಬರ್ತಿದ್ರು. ಬಂದು ಇದೇ ಕಟ್ಟಿ ಮ್ಯಾಲ ಕುಂತು ಮಜ್ಜಿಗಿ ಕುಡೀತಿದ್ರು."

"ಯಾವ ರಾಣಿ ಮೇಡಂ?" ಎಂದು ಒಬ್ಬ ಕೇಳಿದ.

"ಎಲ್ಲಾ ರಾಣ್ಯಾರೂ" ಎಂದಳು ಪೂನಂ. ಅವರು ಅದನ್ನು ಬರೆದುಕೊಂಡರು.

ದಿಗಂಬರ ಗೋಡೆಗೆ ಒರಗಿ ನಿಂತ. ಅದು ಶುದ್ಧ ಸುಳ್ಳು ಎಂದಲ್ಲ ಅವನಿಗೆ ದುಃಖವಾದದ್ದು. ಅದು ಅವನ ಸುಳ್ಳುಗಳಿಗಿಂತ ಚೆನ್ನಾಗಿತ್ತು. ಅವನಿಗೆ ನಿಜವಾಗಿಯೂ ಅಳು ಬಂತು. ಅಜ್ಜ ಕೂತ ಕಲ್ಲು ಹೋಯಿತು, ಗೆಳೆಯರು ಹೋದರು, ಈಗ ಚಾಲುಕ್ಯರೂ ಹೋದರು.

ಮರುದಿನ ಅಂಗಡಿಯನ್ನು ಬೇಗ ಮುಚ್ಚಿ, ಯಾರಿಗೂ ಹೇಳದೆ ಹುಮನಾಬಾದ್ ರಸ್ತೆಯ ಲೇಔಟಿಗೆ ಹೋದ. ಒಂದು ಮನೆ ನೋಡಿದ. ಬಾಗಿಲು ಎಷ್ಟು ಅಗಲವಿತ್ತೆಂದರೆ ಫ್ರಿಜ್ಜಿನ ಪಕ್ಕದಲ್ಲಿ ಅವನೂ ಕೈ ಬೀಸಿಕೊಂಡು ಒಳಗೆ ಹೋಗಬಹುದಿತ್ತು. ಕಟ್ಟೆ ಇರಲಿಲ್ಲ, ಹೌದು. ಆದರೆ ಕಟ್ಟೆಯೇ ಇಲ್ಲದ ಕಡೆ ತನ್ನ ಕಟ್ಟೆಯ ಮೇಲೆ ಬೇರೆಯವರು ಕೂತದ್ದನ್ನಾದರೂ ನೋಡಬೇಕಾಗಿಲ್ಲವಲ್ಲ. ಒಳಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರಾಯಿತು. ಹೆಂಡತಿ ಎದುರಿಗೆ ಕೂತಿರುತ್ತಾಳೆ, ಮುಖ ನೋಡಬಹುದು. ಮನೆಯವನಿಗೆ ನಾಳೆ ಬರುತ್ತೇವೆ ಎಂದು ಮಾತು ಕೊಟ್ಟು, ಬಹಳ ದಿನಗಳ ನಂತರ ಹಗುರಾಗಿ ಹಿಂತಿರುಗಿದ.

ಕಟ್ಟೆ ತುಂಬಿತ್ತು. ಆಮ್ರಪಾಲಿ ಏನೋ ಹೇಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು.

"ಪೂನಂ, ನಿನ್ನ ಆಸೆ ನಡಸ್ತೀನಿ" ಎಂದ ದಿಗಂಬರ, ದೊಡ್ಡ ಮನಸ್ಸಿನವನ ಹಾಗೆ. "ಲೇಔಟ್‌ದಾಗ ಮನಿ ನೋಡಿ ಬಂದೀನಿ. ಬಾಗಲ ಅಗಲ ಅದ. ಫ್ರಿಜ್ ಬರೋಬರ್ ಒಳಗ ಹೋಗ್ತದ. ನಡಿ, ಹೋಗೋಣ."

ನಗು ನಿಂತಿತು. ಎಲ್ಲರೂ ಪೂನಂಳ ಕಡೆ ನೋಡಿದರು. ಅವಳು ಮೆಂತ್ಯದ ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹ್ಯಾಂಗ ಬರಬೇಕ್ರಿ? ತವರಿನ ಉಡುಗೊರಿ. ಆರತಿ ಆಗ್ಯದ, ನೀವೇ ಕಾಯಿ ಒಡದೀರಿ. ಹೊಸ್ತಿಲಿಗೆ ಬಂದದ್ದು ಹಿಂದಕ ಹೋಗಬಾರದಂತ. ಹೌದಿಲ್ರೀ ಅತ್ತ್ಯಾರ?"

"ಹೌದವ್ವ" ಎಂದಳು ಕಮಳಾಬಾಯಿ.

"ಮತ್ತ ಫ್ರಿಜ್ ಎಲ್ಲಿ ಇರ್ತದೋ ನಾನೂ ಅಲ್ಲೇ ಅಂತ ಮಾತಾಗ್ಯದಲ್ರಿ ನಮ್ಮದು. ನಿಮಗ ನೆನಪಿಲ್ಲೇನು?"

"ಅಲ್ಲ, ಇಲ್ಲಿ ಚರಂಡಿ... ಎಮ್ಮಿ... ಆಟೋ ಬರಂಗಿಲ್ಲ..."

"ಒಂಬೈನೂರು ವರ್ಷದ ಇತಿಹಾಸ ಇರೋ ಜಗಾರಿ ಇದು" ಎಂದಳು ಪೂನಂ. "ಬಿಟ್ಟು ಹೋಗು ಅಂದ್ರ ಹ್ಯಾಂಗ ಹೋಗ್ತಾರ? ನೀವು ಬೇಕಾದ್ರ ಹೋಗಿ ಬರ್ರಿ. ಬರುವಾಗ ಹಾಲು ತಗೊಂಡು ಬರ್ರಿ."

ಕಟ್ಟೆಯ ತುಂಬ ನಗು ಉಕ್ಕಿತು. ಮಲಿಕಾ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ದಿಗಂಬರನಿಗೆ ಕಣ್ಣು ಕತ್ತಲೆಯಾಯಿತು. ಸಿಟ್ಟಿನಿಂದ ಚಪ್ಪಲಿ ಒದ್ದು, ತಲೆ ಎತ್ತಿ, ಎದೆ ಸೆಟೆಸಿಕೊಂಡು, ತಾನು ಹುಟ್ಟಿದ ಮನೆಯೊಳಗೆ ದಡದಡನೆ ನುಗ್ಗಿದ.

'ಠಣ್' ಎಂದಿತು.

ಕಮಳಾಬಾಯಿ ಕಮಾನಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಪೂನಂ, ಫ್ರಿಜ್ಜಿನಾಗಿಂದ ಒಂದಿಷ್ಟು ಬರ್ಫ ತಗಿಯವ್ವ" ಎಂದಳು. "ಯಾರೋ ಹೊರಗಿನವರು ಬಂದಾರ ನೋಡು."